ನ್ಯೂಕ್ಯಾಸಲ್ ಮಾರಾಟಕ್ಕೆ ಟಿವಿ ಪೈರಸಿ ಅಡ್ಡಗಾಲು ಹಾಕಿದ್ದು ಹೇಗೆ?

2025ರ ಮಾರ್ಚ್ 16ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ತಂಡ ಲಿವರ್‌ಪೂಲ್ ತಂಡವನ್ನು 2–1ರಿಂದ ಮಣಿಸಿ ಲೀಗ್ ಕಪ್ ಗೆದ್ದಿತು. 1955ರ ಎಫ್‌ಎ ಕಪ್ ನಂತರ ಇಂಗ್ಲೆಂಡಿನ ದೊಡ್ಡ ಟೂರ್ನಿಯೊಂದರಲ್ಲಿ ಆ ಕ್ಲಬ್ ಗೆದ್ದ ಮೊದಲ ಕಪ್ ಅದು. ಎಪ್ಪತ್ತು ವರ್ಷಗಳ ಬರ ನೀಗಿಸಿದ ಈ ತಂಡದ ಹಿಂದೆ ನಿಂತಿರುವುದು ಸೌದಿ ಅರೇಬಿಯಾದ ಹಣ. 2034ರ ವಿಶ್ವಕಪ್ ಕೂಡ ಸೌದಿಯಲ್ಲೇ ನಡೆಯಲಿದೆ. ಹೀಗಾಗಿ ಕೊಲ್ಲಿ ರಾಷ್ಟ್ರಗಳ ಹಣ ಮತ್ತು ಫುಟ್‌ಬಾಲ್ ಕುರಿತ ಚರ್ಚೆ ಎಲ್ಲಿ ನಡೆದರೂ ನ್ಯೂಕ್ಯಾಸಲ್ ಹೆಸರು ಬಂದೇ ಬರುತ್ತದೆ.

ಆದರೆ ಸೌದಿ ಈ ಕ್ಲಬ್ಬನ್ನು ಕೊಂಡದ್ದು ಒಂದೇ ಏಟಿಗಲ್ಲ. 2020ರಲ್ಲಿ ನಡೆದ ಮೊದಲ ಯತ್ನ ಮುರಿದುಬಿತ್ತು. ಆಗ ಬೀದಿಯಲ್ಲಿ ಹೆಚ್ಚು ಕೇಳಿಬಂದದ್ದು ಮಾನವ ಹಕ್ಕುಗಳ ಮಾತು. ಕಾಗದಪತ್ರಗಳ ಒಳಗೆ ಕಗ್ಗಂಟಾಗಿ ಕುಳಿತದ್ದು ಮಾತ್ರ ಬೇರೆಯದೇ ವಿಷಯ: ಕದ್ದು ಬಿತ್ತರಿಸಿದ ಪಂದ್ಯಗಳು.

ಮಾರುವವರು, ಕೊಳ್ಳುವವರು, ನಡುವೆ ಲೀಗ್

ಇಂಗ್ಲೆಂಡಿನ ಈಶಾನ್ಯದಲ್ಲಿ ಟೈನ್ ನದಿಯ ದಡದಲ್ಲಿರುವ ನಗರ ನ್ಯೂಕ್ಯಾಸಲ್. ಇಲ್ಲಿನ ಕ್ಲಬ್ಬನ್ನು ಕ್ರೀಡಾ ಸಾಮಗ್ರಿ ವ್ಯಾಪಾರಿ ಮೈಕ್ ಆಶ್ಲಿ 2007ರಲ್ಲಿ ಕೊಂಡಿದ್ದರು. ಅಭಿಮಾನಿಗಳಿಗೂ ಅವರಿಗೂ ಎಣ್ಣೆ–ಸೀಗೆಕಾಯಿ ಸಂಬಂಧ. ಅವರು ಮಾರಿ ಹೊರಟರೆ ಸಾಕು ಎಂದು ಕಾಯುತ್ತಿದ್ದವರೇ ಹೆಚ್ಚು. 2020ರ ಏಪ್ರಿಲ್‌ನಲ್ಲಿ ಸುಮಾರು 30 ಕೋಟಿ ಪೌಂಡ್‌ಗೆ ಮಾತುಕತೆ ಕುದುರಿತು. ಕೊಳ್ಳುವವರು ಮೂವರು. ಸೌದಿಯ ಸಾರ್ವಜನಿಕ ಹೂಡಿಕೆ ನಿಧಿಗೆ ಶೇ 80 ಪಾಲು, ಬ್ರಿಟನ್ನಿನ ಉದ್ಯಮಿ ಅಮಾಂಡಾ ಸ್ಟೇವ್ಲಿಯವರ ಕಂಪನಿಗೆ ಶೇ 10, ಅಲ್ಲಿನದೇ ಸಿರಿವಂತ ಉದ್ಯಮಿಗಳಾದ ರೂಬೆನ್ ಸಹೋದರರಿಗೆ ಶೇ 10.

ಸಾರ್ವಜನಿಕ ಹೂಡಿಕೆ ನಿಧಿ ಎಂದರೆ ಸೌದಿ ಸರ್ಕಾರದ ಸಂಪತ್ತನ್ನು ಜಗತ್ತಿನಾದ್ಯಂತ ಕಂಪನಿಗಳಲ್ಲಿ, ಆಸ್ತಿಗಳಲ್ಲಿ ಹೂಡುವ ಸಂಸ್ಥೆ. ಅದರ ಅಧ್ಯಕ್ಷರು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಜಗಳವೆಲ್ಲ ಇದರ ಸುತ್ತಲೇ ನಡೆಯುತ್ತದೆ.

ಮಾರುವವರಿಗೂ ಕೊಳ್ಳುವವರಿಗೂ ಒಪ್ಪಿಗೆಯಾದರೆ ವ್ಯವಹಾರ ಮುಗಿಯಬೇಕಲ್ಲ? ಪ್ರೀಮಿಯರ್ ಲೀಗ್‌ನಲ್ಲಿ ಹಾಗಿಲ್ಲ. ಇಂಗ್ಲೆಂಡಿನ ಅಗ್ರ ಇಪ್ಪತ್ತು ಕ್ಲಬ್‌ಗಳು ಸೇರಿ ನಡೆಸುವ ಈ ಲೀಗ್‌ಗೆ ತನ್ನದೇ ನಿಯಮಾವಳಿ ಇದೆ. ಹೊಸ ಮಾಲೀಕರು ಬರುವ ಮುನ್ನ ‘ಮಾಲೀಕರು ಮತ್ತು ನಿರ್ದೇಶಕರ ಪರೀಕ್ಷೆ’ಯಲ್ಲಿ ತೇರ್ಗಡೆಯಾಗಬೇಕು. ವಂಚನೆಯಂಥ ಅಪರಾಧಗಳಲ್ಲಿ ಶಿಕ್ಷೆಯಾದವರು, ಲೀಗ್‌ಗೆ ಸುಳ್ಳು ಮಾಹಿತಿ ಕೊಟ್ಟವರು ಇಲ್ಲಿ ಅನರ್ಹರು. ಇದರಲ್ಲೇ ಮತ್ತೊಂದು ನಿಯಮವಿದೆ: ಬ್ರಿಟನ್ನಿನಲ್ಲಿ ನಡೆದಿದ್ದರೆ ಅಪರಾಧವೆನಿಸುತ್ತಿದ್ದ ಕೆಲಸವನ್ನು ವಿದೇಶದಲ್ಲಿ ಮಾಡಿದ್ದಾರೆಂದು ಲೀಗ್ ಮಂಡಳಿಗೆ ಸಕಾರಣವಾಗಿ ಅನ್ನಿಸಿದರೆ, ನ್ಯಾಯಾಲಯದಲ್ಲಿ ಶಿಕ್ಷೆಯಾಗದಿದ್ದರೂ ಬಾಗಿಲು ಮುಚ್ಚಬಹುದು. ಪೈರಸಿಯ ವಿಷಯ ಒಳಗೆ ನುಸುಳಿದ್ದು ಈ ಸಂದಿಯಿಂದ.

ಪ್ರಸಾರ ಹಕ್ಕು ಎಂಬ ಬಂಗಾರದ ಗಣಿ

ಟಿಕೆಟ್ ಮಾರಿ, ಅಂಗಿ ಮಾರಿ ಕ್ಲಬ್‌ಗಳು ಗಳಿಸುವುದು ಇದ್ದೇ ಇದೆ. ಆದರೆ ಪ್ರೀಮಿಯರ್ ಲೀಗ್‌ನ ನಿಜವಾದ ಆಧಾರ ಟಿವಿ ಹಣ. 2019ರಿಂದ 2022ರವರೆಗಿನ ಮೂರು ಋತುಗಳಿಗೆ ಅದು ಜಗತ್ತಿನಾದ್ಯಂತ ಮಾರಿದ ಹಕ್ಕುಗಳ ಮೊತ್ತ 9 ಶತಕೋಟಿ ಪೌಂಡ್ ದಾಟಿತ್ತು. ಲೀಗ್ ಪ್ರತಿ ಪ್ರದೇಶಕ್ಕೂ ಬೇರೆಬೇರೆಯಾಗಿ ಹಕ್ಕು ಮಾರುತ್ತದೆ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದ ಹಕ್ಕನ್ನು ಕೊಂಡದ್ದು ಕತಾರ್‌ನ ಬಿಇನ್ ಸ್ಪೋರ್ಟ್ಸ್. ಮೂರು ಋತುಗಳಿಗೆ ಅದು ಕೊಟ್ಟದ್ದು ಸುಮಾರು 50 ಕೋಟಿ ಡಾಲರ್ ಎಂದು ವರದಿಯಾಗಿತ್ತು.

ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟ ಮಾಲೀಕನದೇ, ಮರದ ಮೇಲಿನ ಫಸಲು ಮಾತ್ರ ಹಣ ಕೊಟ್ಟ ಖೇಣಿದಾರನದು. ರಾತ್ರಿ ಯಾರೋ ಗೊನೆ ಇಳಿಸಿಕೊಂಡು ಹೋದರೆ ಮೊದಲ ಪೆಟ್ಟು ಖೇಣಿದಾರನಿಗೆ. ಆದರೆ ಮುಂದಿನ ವರ್ಷ ಅವನು ಅಷ್ಟು ಹಣಕ್ಕೆ ಖೇಣಿ ಹಿಡಿಯುತ್ತಾನೆಯೇ? ಪೆಟ್ಟು ತಿರುಗಿ ಮಾಲೀಕನಿಗೇ ಬೀಳುತ್ತದೆ. ಹೀಗಿರುವಾಗ, ಯಾವ ಮನೆಯ ಅಂಗಳದಿಂದ ಗೊನೆ ಸಾಗಿಹೋಯಿತು ಎಂದು ಊರೆಲ್ಲ ಅನುಮಾನಿಸುತ್ತಿದೆಯೋ ಆ ಮನೆಯವರೇ ತೋಟದಲ್ಲಿ ಪಾಲು ಕೊಳ್ಳಲು ಬಂದರೆ? 2020ರಲ್ಲಿ ಲೀಗ್ ನಿಂತಿದ್ದ ಇಕ್ಕಟ್ಟು ಹೆಚ್ಚುಕಡಿಮೆ ಇದೇ.

ದಿಗ್ಬಂಧನ, ಆಮೇಲೆ ಒಂದು ಪೆಟ್ಟಿಗೆ

2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹರೇನ್ ಮತ್ತು ಈಜಿಪ್ಟ್ ದೇಶಗಳು ಕತಾರ್ ಜೊತೆಗಿನ ಸಂಬಂಧ ಕಡಿದುಕೊಂಡವು. ಕತಾರ್ ಭಯೋತ್ಪಾದನೆಗೆ ಕುಮ್ಮಕ್ಕು ಕೊಡುತ್ತಿದೆ ಎಂಬುದು ಅವುಗಳ ಆರೋಪ, ಕತಾರ್ ಅದನ್ನು ಅಲ್ಲಗಳೆಯಿತು. ಗಡಿ ಮುಚ್ಚಿತು, ವಿಮಾನಗಳು ನಿಂತವು. ಸೌದಿಯಲ್ಲಿ ಬಿಇನ್ ವಾಹಿನಿಗಳಿಗೂ ನಿಷೇಧ ಬಿತ್ತು.

ಪಂದ್ಯ ನೋಡುವ ಚಟ ಗಡಿ ಮುಚ್ಚಿದೊಡನೆ ನಿಲ್ಲುವುದಿಲ್ಲ. ಆಗಸ್ಟ್ ಹೊತ್ತಿಗೆ ಸೌದಿಯಲ್ಲಿ ‘ಬಿಔಟ್‌ಕ್ಯೂ’ ಎಂಬ ಸೇವೆ ತಲೆಯೆತ್ತಿತು. ಹೆಸರಿನಲ್ಲೇ ಬಿಇನ್‌ನ ಅಣಕ. ಆಮೇಲೆ ಉಪಗ್ರಹದ ಮೂಲಕ ಹತ್ತು ವಾಹಿನಿಗಳು ಬಂದವು. ಅಂಗಡಿಗಳಲ್ಲಿ ಅದರ ಸೆಟ್‌ಟಾಪ್ ಬಾಕ್ಸ್ ಮಾರಾಟಕ್ಕಿತ್ತು. ಪರದೆಯ ಮೇಲೆ ಕಾಣುತ್ತಿದ್ದುದು ಬಿಇನ್‌ನದೇ ಚಿತ್ರ, ಅದೇ ವೀಕ್ಷಕ ವಿವರಣೆ. ಕೆಲವೇ ಸೆಕೆಂಡುಗಳ ತಡ, ಬಿಇನ್ ಲಾಂಛನದ ಮೇಲೆ ಬಿಔಟ್‌ಕ್ಯೂ ಲಾಂಛನ ಅಂಟಿಸಿದ್ದು, ಇಷ್ಟೇ ವ್ಯತ್ಯಾಸ. ಕಂಪ್ಯೂಟರಿನಲ್ಲಿ ಯಾರೋ ಹುಡುಗರು ಕದ್ದುಮುಚ್ಚಿ ಹಾಕುವ ಲಿಂಕ್‌ನಂತಲ್ಲ ಇದು. ಹಗಲು ಬೆಳಕಿನಲ್ಲಿ ನಡೆದ, ಚಂದಾ ಪಡೆಯುವ, ಪೂರ್ಣ ಪ್ರಮಾಣದ ಟಿವಿ ಸಂಸ್ಥೆ. ಪ್ರೀಮಿಯರ್ ಲೀಗ್ ಅಷ್ಟೇ ಅಲ್ಲ, 2018ರ ವಿಶ್ವಕಪ್ಪನ್ನೂ ಅದು ಎತ್ತಿ ಬಿತ್ತರಿಸಿತು.

ಕದ್ದವರು ಯಾರು ಎಂದು ಹುಡುಕುವುದು ಇಂಟರ್‌ನೆಟ್ಟಿನಲ್ಲಿ ಕಷ್ಟ, ಉಪಗ್ರಹದಲ್ಲಿ ಅಷ್ಟು ಕಷ್ಟವಲ್ಲ. ಡಿಶ್ ಆಂಟೆನಾವನ್ನು ಆಕಾಶದ ಯಾವ ಬಿಂದುವಿಗೆ ತಿರುಗಿಸಿದರೆ ಚಿತ್ರ ಸಿಗುತ್ತದೆ, ಯಾವ ತರಂಗಾಂತರದಲ್ಲಿ ಸಿಗುತ್ತದೆ ಎಂಬುದು ಯಾರೂ ಅಳೆದು ನೋಡಬಹುದಾದ ವಿಷಯ. ಸಿಸ್ಕೋ, ನಾಗ್ರಾದಂಥ ತಾಂತ್ರಿಕ ಸಂಸ್ಥೆಗಳು ಪರೀಕ್ಷಿಸಿ ಬೊಟ್ಟು ಮಾಡಿದ್ದು ಅರಬ್‌ಸ್ಯಾಟ್ ಕಡೆಗೆ. ಅದು ಅರಬ್ ದೇಶಗಳು ಸೇರಿ ಕಟ್ಟಿದ ಉಪಗ್ರಹ ಸಂಸ್ಥೆ, ಕೇಂದ್ರ ಕಚೇರಿ ರಿಯಾದ್‌ನಲ್ಲಿ. ಫಿಫಾ, ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ, ಪ್ರೀಮಿಯರ್ ಲೀಗ್ ಮೊದಲಾದವು ಸೇರಿ ಮಾಡಿಸಿ 2019ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ತನಿಖಾ ವರದಿಯೂ ಪ್ರಸಾರವಾದದ್ದು ಅರಬ್‌ಸ್ಯಾಟ್ ಮೂಲಕವೇ ಎಂದಿತು. ಅರಬ್‌ಸ್ಯಾಟ್ ಆರೋಪವನ್ನು ನಿರಾಕರಿಸಿತು. ತನಗೂ ಬಿಔಟ್‌ಕ್ಯೂಗೂ ಸಂಬಂಧವಿಲ್ಲ ಎಂದು ಸೌದಿ ಸರ್ಕಾರವೂ ಹೇಳುತ್ತಲೇ ಬಂತು.

2019ರ ಆಗಸ್ಟ್‌ನಲ್ಲಿ ಬಿಔಟ್‌ಕ್ಯೂ ಉಪಗ್ರಹ ಪ್ರಸಾರ ನಿಂತಿತು. ಪೆಟ್ಟಿಗೆಗಳು ಮಾತ್ರ ಮನೆಗಳಲ್ಲೇ ಉಳಿದವು. ಇಂಟರ್‌ನೆಟ್ ಸಂಪರ್ಕ ಕೊಟ್ಟರೆ ಅವುಗಳೊಳಗಿನ ಆ್ಯಪ್‌ಗಳ ಮೂಲಕ ಕದ್ದ ವಾಹಿನಿಗಳು ಸಿಗುತ್ತಿದ್ದವು.

ಒಂಬತ್ತು ಕಡೆ ಅಲೆದರೂ ವಕೀಲರಿಲ್ಲ

ಯಾವುದೇ ದೇಶದಲ್ಲಿ ಕಳ್ಳತನವಾದರೆ ಅಲ್ಲಿನ ನ್ಯಾಯಾಲಯಕ್ಕೆ ಹೋಗಬೇಕು. ಪ್ರೀಮಿಯರ್ ಲೀಗ್ ಮತ್ತಿತರ ಫುಟ್‌ಬಾಲ್ ಸಂಸ್ಥೆಗಳು ಅದಕ್ಕೂ ಹೊರಟವು. ಹದಿನೈದು ತಿಂಗಳಲ್ಲಿ ಸೌದಿಯ ಒಂಬತ್ತು ಕಾನೂನು ಸಂಸ್ಥೆಗಳನ್ನು ಸಂಪರ್ಕಿಸಿದ್ದಾಗಿ ಅವು 2019ರ ಜುಲೈನಲ್ಲಿ ಜಂಟಿಯಾಗಿ ತಿಳಿಸಿದವು. ಕೆಲವು ಮೊದಲೇ ಒಲ್ಲೆ ಎಂದವು. ಕೆಲವು ವಕಾಲತ್ತು ಒಪ್ಪಿಕೊಂಡು ಆಮೇಲೆ ಹಿಂದೆ ಸರಿದವು. ಜಗತ್ತಿನ ಅತಿ ಶ್ರೀಮಂತ ಫುಟ್‌ಬಾಲ್ ಲೀಗ್‌ಗೆ ಹಣ ಕೊಟ್ಟರೂ ಒಬ್ಬ ವಕೀಲ ಸಿಗಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಮಾತಾಡುವ ವಿವರ ಇದೇ. ಯಾರು ಕದ್ದರು ಎಂಬುದನ್ನು ಸಾಬೀತುಪಡಿಸುವ ಮಾತು ಬದಿಗಿರಲಿ, ದೂರು ಕೊಡುವ ಕಿಟಕಿಯೇ ತೆರೆಯಲಿಲ್ಲ.

ಬೇರೆ ದಾರಿ ಕಾಣದೆ ಲೀಗ್ ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಗೂ ಬರೆಯಿತು. ಬೌದ್ಧಿಕ ಆಸ್ತಿಯನ್ನು ಸರಿಯಾಗಿ ಕಾಯದ ದೇಶಗಳ ಮೇಲೆ ಕಣ್ಣಿಡಲು ಆ ಕಚೇರಿ ಮಾಡುವ ಪಟ್ಟಿಯಲ್ಲಿ ಸೌದಿಯನ್ನು ಉಳಿಸಿಕೊಳ್ಳಿ ಎಂದು 2020ರ ಫೆಬ್ರುವರಿಯಲ್ಲಿ ಕೇಳಿಕೊಂಡಿತು. ಎರಡೇ ತಿಂಗಳಲ್ಲಿ ಅದೇ ಸೌದಿಯ ನಿಧಿ ಅದೇ ಲೀಗ್‌ನ ಮೇಜಿನ ಮುಂದೆ ಅರ್ಜಿ ಹಿಡಿದು ನಿಂತಿತ್ತು. ಸುಮ್ಮನಿರದ ಬಿಇನ್, ಈ ಮಾರಾಟವನ್ನು ಚೆನ್ನಾಗಿ ಪರಿಶೀಲಿಸಿ ಎಂದು ಲೀಗ್‌ಗೂ ಕ್ಲಬ್‌ಗಳ ಮುಖ್ಯಸ್ಥರಿಗೂ ಪತ್ರ ಬರೆಯಿತು.

ಜಿನೀವಾದಿಂದ ಬಂದ ವರದಿ

ಕತಾರ್ ಈ ತಕರಾರನ್ನು 2018ರ ಅಕ್ಟೋಬರ್‌ನಲ್ಲೇ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಒಯ್ದಿತ್ತು. ಅಕ್ಕಿ, ಉಕ್ಕಿನ ಆಮದು–ರಫ್ತಿನ ಸಂಸ್ಥೆಗೂ ಟಿವಿಗೂ ಏನು ನಂಟು ಎನ್ನಬಹುದು. ಅಲ್ಲಿ ಟ್ರಿಪ್ಸ್ ಎಂಬ ಒಪ್ಪಂದವಿದೆ. ಸದಸ್ಯ ದೇಶಗಳು ಪೇಟೆಂಟ್, ಕೃತಿಸ್ವಾಮ್ಯ, ಪ್ರಸಾರ ಹಕ್ಕು ಮುಂತಾದವನ್ನು ರಕ್ಷಿಸಬೇಕು, ವಾಣಿಜ್ಯ ಪ್ರಮಾಣದ ಪೈರಸಿಗೆ ಕ್ರಿಮಿನಲ್ ಕ್ರಮ ಇರಬೇಕು ಎನ್ನುತ್ತದೆ ಅದು. ಸೌದಿ ಇದನ್ನು ಪಾಲಿಸಿಲ್ಲ ಎಂಬುದು ಕತಾರ್‌ನ ದೂರು.

ಸೌದಿಯ ವಾದ ಚುರುಕಾಗಿತ್ತು. ಇದೇ ಒಪ್ಪಂದದಲ್ಲಿ ರಾಷ್ಟ್ರೀಯ ಭದ್ರತೆಯ ವಿನಾಯಿತಿ ಇದೆ: ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ತುರ್ತು ಪರಿಸ್ಥಿತಿ ತಲೆದೋರಿದಾಗ ದೇಶವೊಂದು ತನ್ನ ಭದ್ರತೆಗೆ ಅಗತ್ಯವೆಂದು ಕಂಡ ಕ್ರಮ ಕೈಗೊಳ್ಳಬಹುದು. ಕತಾರ್ ಜೊತೆಗಿನ ಬಿರುಕು ಅಂಥ ಪರಿಸ್ಥಿತಿಯೇ ಎಂದು ಸೌದಿ ಹೇಳಿತು.

2020ರ ಜೂನ್ 16ರಂದು, ಈ ದೂರನ್ನು ಪರಿಶೀಲಿಸಿದ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿಯ ವರದಿ ಹೊರಬಂತು. ಮಾರಾಟದ ಅರ್ಜಿ ಲೀಗ್ ಮುಂದೆ ಇದ್ದ ಹೊತ್ತು. ಬಿಔಟ್‌ಕ್ಯೂ ನಡೆಸುತ್ತಿದ್ದವರು ಸೌದಿಯ ಕಾನೂನು ವ್ಯಾಪ್ತಿಯಲ್ಲಿರುವ ವ್ಯಕ್ತಿಗಳು ಅಥವಾ ಸಂಸ್ಥೆಗಳು ಎಂಬುದಕ್ಕೆ ಮೇಲ್ನೋಟದ ಸಾಕ್ಷ್ಯ ಸಾಕಷ್ಟಿದೆ, ಆದರೂ ಅವರ ಮೇಲೆ ಕ್ರಿಮಿನಲ್ ಕ್ರಮ ಜರುಗಿಲ್ಲ ಎಂದು ಸಮಿತಿ ಹೇಳಿತು. ಬಿಔಟ್‌ಕ್ಯೂ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದ ಸಾರ್ವಜನಿಕ ಪ್ರದರ್ಶನಗಳಿಗೆ ಸೌದಿಯ ಸರ್ಕಾರಿ ಸಂಸ್ಥೆಗಳೇ ಪ್ರಚಾರ ಕೊಟ್ಟಿದ್ದನ್ನೂ ವರದಿ ದಾಖಲಿಸಿತು.

ಭದ್ರತೆಯ ವಾದವನ್ನು ಸಮಿತಿ ಅರ್ಧ ಮಾತ್ರ ಒಪ್ಪಿತು. ಕತಾರ್‌ನವರ ಜೊತೆ ಯಾವ ವ್ಯವಹಾರವೂ ಬೇಡ ಎಂಬ ನೀತಿಯಿಂದಾಗಿ ಬಿಇನ್‌ಗೆ ಸೌದಿಯಲ್ಲಿ ವಕೀಲರು ಸಿಗದಂತಾದರೆ ಅದು ಭದ್ರತೆಯ ವಿನಾಯಿತಿಯೊಳಗೆ ಬರುತ್ತದೆ. ಆದರೆ ಪೈರಸಿ ಮಾಡಿದವರನ್ನು ಹಿಡಿಯದೆ ಬಿಡುವುದಕ್ಕೂ ದೇಶದ ಭದ್ರತೆಗೂ ಏನು ಸಂಬಂಧ? ಅದರಿಂದ ನಷ್ಟವಾದದ್ದು ಕತಾರ್‌ನವರಿಗೆ ಮಾತ್ರವಲ್ಲ, ಜಗತ್ತಿನ ಬೇರೆಬೇರೆ ಹಕ್ಕುದಾರರಿಗೂ. ಹೀಗಾಗಿ ಆ ಭಾಗದಲ್ಲಿ ವಿನಾಯಿತಿ ಇಲ್ಲ. ವರದಿ ಓದಿದ ಎರಡೂ ದೇಶಗಳು ಗೆಲುವು ತಮ್ಮದೇ ಎಂದವು. ಜುಲೈ ಕೊನೆಗೆ ಸೌದಿ ಮೇಲ್ಮನವಿ ಹಾಕಿತು. ಅದನ್ನು ಆಲಿಸಬೇಕಿದ್ದ ಮೇಲ್ಮನವಿ ಮಂಡಳಿ ಸದಸ್ಯರ ನೇಮಕವಿಲ್ಲದೆ 2019ರ ಡಿಸೆಂಬರ್‌ನಲ್ಲೇ ಕೆಲಸ ನಿಲ್ಲಿಸಿತ್ತು!

ನಿಧಿ ಬೇರೆ, ಸರ್ಕಾರ ಬೇರೆಯೇ?

ಜಿನೀವಾದ ವರದಿ ಸೌದಿ ಎಂಬ ದೇಶದ ಬಗ್ಗೆ. ಕ್ಲಬ್ ಕೊಳ್ಳಲು ಬಂದದ್ದು ಒಂದು ನಿಧಿ. ದೇಶದ ತಪ್ಪನ್ನು ನಿಧಿಯ ತಲೆಗೆ ಕಟ್ಟಬಹುದೇ?

ಲೀಗ್‌ನ ನಿಯಮದಲ್ಲಿ ‘ನಿರ್ದೇಶಕ’ ಎಂದರೆ ಕಾಗದದಲ್ಲಿ ಹೆಸರಿರುವವರಷ್ಟೇ ಅಲ್ಲ. ಹಿಂದೆ ನಿಂತು ಕ್ಲಬ್ಬಿನ ಆಗುಹೋಗುಗಳನ್ನು ನಿಯಂತ್ರಿಸಬಲ್ಲವರೂ ನಿರ್ದೇಶಕರೇ. ನಿಧಿಯನ್ನು ನಿಯಂತ್ರಿಸುವುದು ಸರ್ಕಾರ, ಕ್ಲಬ್ಬನ್ನು ನಿಯಂತ್ರಿಸುವುದು ನಿಧಿ ಎಂದಾದರೆ ಸೌದಿ ಸರ್ಕಾರವೇ ನ್ಯೂಕ್ಯಾಸಲ್‌ನ ನಿರ್ದೇಶಕ ಎನಿಸಿಕೊಳ್ಳುತ್ತದೆ. ಆಗ ಪರೀಕ್ಷೆಗೆ ಕೂರಬೇಕಾದದ್ದು ಸರ್ಕಾರ. ಪರೀಕ್ಷಕರ ಕೈಯಲ್ಲಿ ಜಿನೀವಾದ ವರದಿ.

ನಿಧಿ ಸ್ವತಂತ್ರ ಸಂಸ್ಥೆ, ಸರ್ಕಾರದ ಕೈ ಅದರಲ್ಲಿಲ್ಲ ಎಂದು ಕೊಳ್ಳುವವರು ಪಟ್ಟು ಹಿಡಿದದ್ದು ಇದಕ್ಕೇ. ಲೀಗ್‌ಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಮೇಲಿಂದ ನೋಡಿದರೆ ಇವು ಎರಡು ಬೇರೆ ಜಗಳ, ಒಂದು ಪೈರಸಿಯದು, ಇನ್ನೊಂದು ಮಾಲೀಕತ್ವದ ವ್ಯಾಖ್ಯಾನದ್ದು. ಒಳಗೆ ಎರಡೂ ಒಂದೇ. ಪೈರಸಿ ಇರದಿದ್ದರೆ ‘ಹೌದು, ನಾವು ಸರ್ಕಾರದ ನಿಧಿ’ ಎಂದು ಒಪ್ಪಿಕೊಳ್ಳುವುದು ಅಷ್ಟು ದುಬಾರಿಯಾಗುತ್ತಿರಲಿಲ್ಲ.

ಜುಲೈ ತಿಂಗಳ ತಿರುವು

2020ರ ಜುಲೈ 14ರಂದು ಸೌದಿಯ ಸ್ಪರ್ಧಾ ಪ್ರಾಧಿಕಾರ ಬಿಇನ್ ಪರವಾನಗಿಯನ್ನು ಶಾಶ್ವತವಾಗಿ ರದ್ದುಪಡಿಸಿ 1 ಕೋಟಿ ರಿಯಾಲ್ ದಂಡ ಹಾಕಿತು. ಕಾರಣ, 2016ರ ಯೂರೋ ಕಪ್ ನೋಡಬೇಕಾದರೆ ಬೇರೆ ವಾಹಿನಿಗಳ ಚಂದಾವನ್ನೂ ಕಟ್ಟಬೇಕೆಂದು ಗ್ರಾಹಕರನ್ನು ಸಿಕ್ಕಿಸಿದ ಆರೋಪ. ನಾಲ್ಕು ವರ್ಷ ಹಳೆಯ ದೂರು ಎದ್ದು ಕೂತ ಗಳಿಗೆಯನ್ನು ನೋಡಿದರೆ ಹುಬ್ಬೇರುತ್ತದೆ. ಫಲ ಇಷ್ಟು: ಸೌದಿಯ ನಿಧಿ ನ್ಯೂಕ್ಯಾಸಲ್ಲನ್ನು ಕೊಳ್ಳಲು ಹೊರಟ ಹೊತ್ತಿನಲ್ಲಿ ಸೌದಿಯೊಳಗೆ ನ್ಯೂಕ್ಯಾಸಲ್ ಪಂದ್ಯವನ್ನು ಟಿವಿಯಲ್ಲಿ ಕಾನೂನುಬದ್ಧವಾಗಿ ನೋಡುವ ದಾರಿಯೇ ಇರಲಿಲ್ಲ. ದಮ್ಮಾಮ್, ಜುಬೈಲ್‌ಗಳಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೂ ಅದೇ ಸ್ಥಿತಿ.

ಇತ್ತ ರಾಜಕೀಯವೂ ಬೆರೆಯಿತು. ಲೀಗ್ ತನ್ನ ನಿಲುವು ಬದಲಿಸದಿದ್ದರೆ ಎರಡು ದೇಶಗಳ ಸಂಬಂಧ ಕೆಡಬಹುದು ಎಂದು ಯುವರಾಜ ಮೊಹಮ್ಮದ್ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೆ ಸಂದೇಶ ಕಳಿಸಿದ್ದು ಮರುವರ್ಷ ಬ್ರಿಟಿಷ್ ಪತ್ರಿಕೆಗಳಲ್ಲಿ ಬಯಲಾಯಿತು. ಪತ್ರಕರ್ತ ಜಮಾಲ್ ಖಶೋಗ್ಗಿ 2018ರಲ್ಲಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್‌ನಲ್ಲಿ ಕೊಲೆಯಾದದ್ದನ್ನು ನೆನಪಿಸಿ ಅವರ ಭಾವಿ ಪತ್ನಿ ಹತೀಜೆ ಜೆಂಗಿಜ್, ಈ ಮಾರಾಟ ತಡೆಯಿರಿ ಎಂದು ಲೀಗ್‌ಗೆ ಮನವಿ ಮಾಡಿದ್ದರು. ಮಾನವ ಹಕ್ಕು ಸಂಘಟನೆ ಆ್ಯಮ್ನೆಸ್ಟಿಯೂ ದನಿಗೂಡಿಸಿತ್ತು. ಆದರೆ ಆಗಿನ ಪರೀಕ್ಷೆಯ ನಿಯಮಗಳಲ್ಲಿ ಮಾನವ ಹಕ್ಕು ಎಂಬ ಬಾಬತ್ತೇ ಇರಲಿಲ್ಲ, ಪೈರಸಿಗೆ ತಗಲುವ ನಿಯಮವಿತ್ತು.

ಜುಲೈ 30ರಂದು ಕೊಳ್ಳುವವರು ಕೈಚೆಲ್ಲಿದರು. ಇಲ್ಲೊಂದು ಸೂಕ್ಷ್ಮವಿದೆ. ಲೀಗ್ ಅರ್ಜಿಯನ್ನು ತಿರಸ್ಕರಿಸಲಿಲ್ಲ, ಒಪ್ಪಲೂ ಇಲ್ಲ. ಕ್ಲಬ್ಬನ್ನು ನಿಯಂತ್ರಿಸುವವರು ಯಾರು ಎಂಬ ಬಗ್ಗೆ ತಮಗೂ ಅವರಿಗೂ ಭಿನ್ನಾಭಿಪ್ರಾಯವಿತ್ತು, ಸ್ವತಂತ್ರ ಮಧ್ಯಸ್ಥಿಕೆಗೆ ಹೋಗೋಣ ಎಂದೆವು, ಅವರು ಒಪ್ಪದೆ ಹಿಂದೆ ಸರಿದರು ಎಂದು ಲೀಗ್‌ನ ಮುಖ್ಯ ಕಾರ್ಯನಿರ್ವಾಹಕ ರಿಚರ್ಡ್ ಮಾಸ್ಟರ್ಸ್ ನ್ಯೂಕ್ಯಾಸಲ್‌ನ ಸಂಸದೆಗೆ ಬರೆದ ಪತ್ರದಲ್ಲಿ ವಿವರಿಸಿದರು. ಆಶ್ಲಿ ಸುಮ್ಮನಾಗದೆ ಲೀಗ್ ವಿರುದ್ಧ ಕಾನೂನು ಸಮರಕ್ಕೆ ಇಳಿದರು.

ಎರಡು ದಿನಗಳಲ್ಲಿ ಎಲ್ಲ ಸಲೀಸು

2021ರ ಜನವರಿಯಲ್ಲಿ ಸೌದಿಯ ಅಲ್–ಉಲಾ ಎಂಬ ಊರಿನಲ್ಲಿ ಕೊಲ್ಲಿ ರಾಷ್ಟ್ರಗಳ ನಾಯಕರು ಸೇರಿ ದಿಗ್ಬಂಧನ ಕೊನೆಗಾಣಿಸಿದರು. ಬಿಇನ್ ಮೇಲಿನ ನಿಷೇಧ ಮಾತ್ರ ಇನ್ನೂ ಒಂಬತ್ತು ತಿಂಗಳು ಉಳಿಯಿತು. ಅಕ್ಟೋಬರ್ 6ರಂದು ನಿಷೇಧ ತೆರವಾಗುತ್ತಿದೆ, ಪೈರಸಿ ತಕರಾರೂ ಇತ್ಯರ್ಥದ ಹಾದಿಯಲ್ಲಿದೆ ಎಂಬ ಸುದ್ದಿ ಬಂತು. ಮರುದಿನ, ಅಕ್ಟೋಬರ್ 7ರಂದು, ನ್ಯೂಕ್ಯಾಸಲ್ ಮಾರಾಟ ಪೂರ್ಣಗೊಂಡಿತು. ಬೆಲೆ ಸುಮಾರು 30.5 ಕೋಟಿ ಪೌಂಡ್. ಸೇಂಟ್ ಜೇಮ್ಸ್ ಪಾರ್ಕ್ ಮೈದಾನದ ಹೊರಗೆ ಜನ ಕುಣಿದಾಡಿದರು.

ನಿಯಂತ್ರಣದ ಪ್ರಶ್ನೆ ಏನಾಯಿತು? ಸೌದಿ ದೇಶ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲ ಎಂದು ಕಾನೂನಿನ ಬಲವಿರುವ ಭರವಸೆ ತನಗೆ ಸಿಕ್ಕಿದೆ ಎಂದು ಲೀಗ್ ಪ್ರಕಟಿಸಿತು. ಹದಿನಾಲ್ಕು ತಿಂಗಳ ಹಿಂದೆ ಬಿಡಿಸಲಾಗದ ಗಂಟು ಈಗ ಒಂದು ಭರವಸೆಯಿಂದ ಬಿಚ್ಚಿತು. ನಿಧಿ ಅದೇ, ಅಧ್ಯಕ್ಷರೂ ಅವರೇ. ನಡುವೆ ಕಣ್ಣಿಗೆ ಕಾಣುವಂತೆ ಬದಲಾದದ್ದು ಕತಾರ್ ಜೊತೆಗಿನ ಸಂಬಂಧ ಮತ್ತು ಬಿಇನ್‌ನ ಸ್ಥಿತಿ. ಪೈರಸಿ ಇತ್ಯರ್ಥವಾದದ್ದರಿಂದಲೇ ಮಾರಾಟ ಆಯಿತು ಎಂದು ಲೀಗ್ ಹೇಳಿಲ್ಲ. ತಾರೀಖುಗಳು ಮಾತ್ರ ಅಕ್ಕಪಕ್ಕದಲ್ಲೇ ನಿಂತಿವೆ.

ಮುಂದೆ 2022ರಲ್ಲಿ ಕತಾರ್ ಮತ್ತು ಸೌದಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿದ್ದ ವ್ಯಾಜ್ಯವನ್ನೂ ಕೈಬಿಟ್ಟವು. ಜಿನೀವಾದ ವರದಿ ಅಧಿಕೃತವಾಗಿ ಅಂಗೀಕಾರಗೊಳ್ಳದೆಯೇ ಉಳಿಯಿತು.

ಅಮೆರಿಕದ ನ್ಯಾಯಾಲಯದಲ್ಲಿ ಬೇರೆ ಮಾತು

ನಿಧಿಯ ಗವರ್ನರ್ ಯಾಸಿರ್ ಅಲ್–ರುಮಯ್ಯಾನ್ ನ್ಯೂಕ್ಯಾಸಲ್‌ನ ಅಧ್ಯಕ್ಷರಾದರು. ಅದೇ ನಿಧಿ ಎಲ್‌ಐವಿ ಎಂಬ ಗಾಲ್ಫ್ ಟೂರ್ನಿಗೂ ಹಣ ಹಾಕಿತ್ತು. ಅದರ ಜಗಳ ಅಮೆರಿಕದ ನ್ಯಾಯಾಲಯ ಮುಟ್ಟಿದಾಗ ದಾಖಲೆ ಒಪ್ಪಿಸಿ, ಸಾಕ್ಷ್ಯ ಹೇಳಿ ಎಂಬ ಬೇಡಿಕೆ ಬಂತು. 2023ರಲ್ಲಿ ನಿಧಿಯ ವಕೀಲರು ಕೊಟ್ಟ ಉತ್ತರ: ನಿಧಿ ಸೌದಿ ರಾಷ್ಟ್ರದ ಅಂಗ, ಅಲ್–ರುಮಯ್ಯಾನ್ ಸರ್ಕಾರದ ಹಾಲಿ ಸಚಿವರು, ಹಾಗಾಗಿ ವಿದೇಶಿ ಸರ್ಕಾರಗಳಿಗೆ ಸಿಗುವ ಕಾನೂನು ರಕ್ಷಣೆ ಇಬ್ಬರಿಗೂ ಸಲ್ಲುತ್ತದೆ.

ಇಂಗ್ಲೆಂಡಿನಲ್ಲಿ ಸರ್ಕಾರದಿಂದ ಬೇರೆ ಎಂದದ್ದು ಅಮೆರಿಕದಲ್ಲಿ ಸರ್ಕಾರದ ಭಾಗವಾಯಿತು. ಎರಡು ದೇಶಗಳ ಕಾನೂನಿನಲ್ಲಿ ಎರಡೂ ಮಾತು ಏಕಕಾಲಕ್ಕೆ ನಿಲ್ಲಬಹುದು ಎನ್ನುವ ವಕೀಲರಿದ್ದಾರೆ. ಸಾಮಾನ್ಯ ಓದುಗರಿಗೆ ಅದು ಅರಗುವುದು ಕಷ್ಟ. ಬ್ರಿಟಿಷ್ ಸಂಸದರು ಇದೇ ಪ್ರಶ್ನೆಯನ್ನು ಆ ಮಾರ್ಚ್‌ನಲ್ಲಿ ರಿಚರ್ಡ್ ಮಾಸ್ಟರ್ಸ್ ಮುಂದಿಟ್ಟರು. ಈ ಬಗ್ಗೆ ತನಿಖೆ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಹೇಳಲೂ ಅವರು ಒಪ್ಪಲಿಲ್ಲ. ಅದೇ ತಿಂಗಳ ಕೊನೆಗೆ ಲೀಗ್ ತನ್ನ ಪರೀಕ್ಷೆಯ ನಿಯಮ ತಿದ್ದಿ, ಮಾನವ ಹಕ್ಕುಗಳ ಉಲ್ಲಂಘನೆಯನ್ನೂ ಅನರ್ಹತೆಯ ಕಾರಣಗಳ ಪಟ್ಟಿಗೆ ಸೇರಿಸಿತು. 2021ರ ಆ ಭರವಸೆಯ ವಿವರವನ್ನು ಮಾತ್ರ ಸಾರ್ವಜನಿಕರ ಮುಂದೆ ಇಡಲಿಲ್ಲ.